ಮೆಟ್ಟಿಲಿಂದ ಬಿದ್ದಿದ್ರೆ ದುಡ್ಡು ಬರ್ತಿತ್ತಂತೆ! ಬಸಿರು, ಹೆರಿಗೆ, ಗರ್ಭಪಾತ ಆರೋಗ್ಯ ವಿಮೆಯಲ್ಲಿ ಕಡ್ಡಾಯ ಆಗಬೇಕಾ?

ನೀಲಿ ನೋಟ್‌ಬುಕ್

ಹೋದ ತಿಂಗಳು ನನಗೆ ಹನ್ನೊಂದನೇ ವಾರಕ್ಕೆ ಗರ್ಭ ಹೋಯ್ತು. ಸಮಾಧಾನದ ಮಾತು ಬೇಡ, ಮನೆಯಲ್ಲಿ ಅದು ಸಾಕಷ್ಟು ಆಗಿದೆ. ನಾನು ಕೇಳೋಕೆ ಬಂದಿರೋದು ಬೇರೆ.

ರಾತ್ರಿ ಶುರುವಾದ ರಕ್ತಸ್ರಾವ ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಸೇರಿಸಿದ್ರು, ಡಿ ಅಂಡ್ ಸಿ (ಗರ್ಭಕೋಶ ಸ್ವಚ್ಛ ಮಾಡೋ ಆಪರೇಷನ್) ಆಯ್ತು, ರಕ್ತ ಕೊಟ್ರು, ಮೂರನೇ ದಿನ ಮನೆಗೆ ಬಂದೆ. ಆರು ವರ್ಷದಿಂದ ತಪ್ಪದೆ ಪ್ರೀಮಿಯಂ ಕಟ್ಟಿರೋ ಪಾಲಿಸಿ ಇದೆ, ಇಲ್ಲಿವರೆಗೆ ಒಂದು ಪೈಸೆ ಕ್ಲೈಮ್ ಮಾಡಿರಲಿಲ್ಲ. ಕ್ಯಾಶ್‌ಲೆಸ್ ಆಗಲ್ಲ ಅಂದ್ರು, ಕೈಯಿಂದ ಕಟ್ಟಿದ್ವಿ. ಆಮೇಲೆ ಬಿಲ್, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಜೋಡಿಸಿ ಕಳಿಸಿದೆ. ವಾಪಸ್ ಬಂದ ಪತ್ರ ನಾಲ್ಕೇ ಸಾಲು. ಗರ್ಭಪಾತದ ಖರ್ಚು ಪಾಲಿಸಿಗೆ ಸೇರಲ್ಲ, ಅಪಘಾತದಿಂದ ಆಗಿದ್ರೆ ಮಾತ್ರ ಸೇರುತ್ತೆ ಅಂತ.

ಆ ಒಂದು ಸಾಲನ್ನ ಎಷ್ಟು ಸಲ ಓದಿದೀನೋ. ಮೆಟ್ಟಿಲಿಂದ ಜಾರಿ ಬಿದ್ದು ಮಗು ಹೋಗಿದ್ರೆ ದುಡ್ಡು ಕೊಡ್ತಿದ್ರು. ನಾನು ಮಲಗಿದ್ದೆ, ಅದೇ ನನ್ನ ತಪ್ಪು!

ಇದು ನನ್ನ ಪಾಲಿಸಿ ಒಂದರದ್ದೇ ಕಥೆನಾ, ಎಲ್ಲಾ ಕಡೆ ಹೀಗೇನಾ? ಹೀಗೇ ಅಂದ್ರೆ, ಇದನ್ನ ಸೇರಿಸಲೇಬೇಕು ಅಂತ ಕಾನೂನು ಮಾಡೋಕೆ ಏನು ಅಡ್ಡಿ?

ಇಲ್ಲಿ ಸಹಿ ಹಾಕಿ

ಮೇಡಂ, ನಾನು ಹದಿನಾಲ್ಕು ವರ್ಷದಿಂದ ಪಾಲಿಸಿ ಮಾರ್ತಿದೀನಿ. ನಿಮ್ಮದೊಂದೇ ಅಲ್ಲ. 2019ರಲ್ಲಿ ಐಆರ್‌ಡಿಎಐ, ಅಂದ್ರೆ ವಿಮಾ ನಿಯಂತ್ರಣ ಪ್ರಾಧಿಕಾರ, ಹೊರಗಿಡುವ ವಿಷಯಗಳಿಗೆಲ್ಲ ಒಂದೇ ಪದಗಳು, ಒಂದೇ ಕೋಡ್ ಇರಲಿ ಅಂತ ಪಟ್ಟಿ ಕೊಡ್ತು. ಅದಕ್ಕೂ ಮುಂಚೆ ಒಂದೊಂದು ಕಂಪನಿ ಒಂದೊಂದು ಥರ ಬರೀತಿತ್ತು, ಗಿರಾಕಿಗೆ ತಲೆಬುಡ ಗೊತ್ತಾಗ್ತಿರಲಿಲ್ಲ. ಉದ್ದೇಶ ಒಳ್ಳೇದೇ.

ಆ ಪಟ್ಟಿಯಲ್ಲಿ 17 ಮತ್ತು 18 ನಿಮಗೆ ಬೇಕಾಗಿರೋದು. 17ರಲ್ಲಿ ಗರ್ಭನಿರೋಧಕ, ಸಂತಾನಹರಣ ಆಪರೇಷನ್, ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ), ಬಾಡಿಗೆ ತಾಯ್ತನ, ಮಾಡಿಸಿದ ಸಂತಾನಹರಣ ಆಪರೇಷನ್ ಬಿಚ್ಚಿಸೋದು. 18ರಲ್ಲಿ ಹೆರಿಗೆ, ಸಿಸೇರಿಯನ್ ಸೇರಿ ಕಷ್ಟದ ಹೆರಿಗೆ, ಅಪಘಾತದ್ದಲ್ಲದ ಗರ್ಭಪಾತ, ಕಾನೂನುಬದ್ಧವಾಗಿ ಗರ್ಭ ತೆಗೆಸೋದು. ನಾಳದಲ್ಲಿ ಗರ್ಭ ಕಟ್ಟಿದ್ರೆ, ಎಕ್ಟೋಪಿಕ್ ಅಂತಾರಲ್ಲ, ಅದೊಂದಕ್ಕೆ ವಿನಾಯಿತಿ.

ಕಂಪನಿ ಮನಸ್ಸು ಮಾಡಿದ್ರೆ ಇವನ್ನ ಒಳಗೆ ತಗೋಬಹುದು, ಬೇಡ ಅಂತ ಯಾರೂ ಹೇಳಿಲ್ಲ. ಮೆಟರ್ನಿಟಿ ಇರೋ ಪಾಲಿಸಿ ಮಾರುಕಟ್ಟೆಯಲ್ಲಿ ಇವೆ. ಆದ್ರೆ ಬಹಳಷ್ಟರಲ್ಲಿ ಎರಡು, ಮೂರು ವರ್ಷ ಕಾಯಬೇಕು. ಕೊನೆಗೆ ಕೊಡೋದಕ್ಕೂ ಒಂದು ಮಿತಿ. ಪ್ರೀಮಿಯಂ ಜಾಸ್ತಿ. ಕೂಡಿಸಿ ಕಳೆದು ನೋಡಿದ್ರೆ ನಿಮ್ಮದೇ ದುಡ್ಡು ಚೀಟಿ ಹಾಕಿ ವಾಪಸ್ ಎತ್ತಿದ ಹಾಗೆ. ನಾನೇ ಮಾರಿದೀನಿ, ಸುಳ್ಳು ಹೇಳಲ್ಲ.

ಹೆರಿಗೆ ವಾರ್ಡ್

ನಾನು ಸ್ತ್ರೀರೋಗ ತಜ್ಞೆ. 18ನೇ ಕೋಡ್ ನನ್ನ ಟೇಬಲ್ ಮೇಲೆ ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ಒಂದೇ ಬೆಳಿಗ್ಗೆ ಇಬ್ಬರಿಗೆ ಡಿ ಅಂಡ್ ಸಿ ಮಾಡ್ತೀನಿ ಅನ್ಕೊಳ್ಳಿ. ಮೊದಲನೆಯವರಿಗೆ ನಲವತ್ತೆಂಟು, ಮುಟ್ಟು ನಿಲ್ಲೋ ಹೊತ್ತಿಗೆ ವಿಪರೀತ ಸ್ರಾವ. ಎರಡನೆಯವರಿಗೆ ಇಪ್ಪತ್ತೊಂಬತ್ತು, ಗರ್ಭ ಅರ್ಧ ಹೋಗಿ ಅರ್ಧ ಉಳಿದಿದೆ. ಅದೇ ಥಿಯೇಟರ್, ಅದೇ ಅನಸ್ತೇಷಿಯಾ, ಅದೇ ಸಲಕರಣೆ, ಹೆಚ್ಚುಕಡಿಮೆ ಅದೇ ಬಿಲ್. ಮೊದಲನೆಯವರ ಫೈಲ್ ವಿಮೆ ಕ್ಲೈಮ್ ನೋಡ್ಕೊಳ್ಳೋ ಟಿಪಿಎ ಡೆಸ್ಕಿಗೆ ಹೋಗುತ್ತೆ, ಎರಡನೆಯವರ ಗಂಡ ಕ್ಯಾಷ್ ಕೌಂಟರಿಗೆ ಹೋಗ್ತಾರೆ. ಅಪಾಯ ಯಾರಿಗೆ ಜಾಸ್ತಿ ಅಂತ ಕೇಳಿದ್ರೆ ಬಹಳ ಸಲ ಎರಡನೆಯವರಿಗೇ, ಉಳಿದ ಅಂಶ ಸೋಂಕಾದ್ರೆ ಜೀವಕ್ಕೇ ಬರುತ್ತೆ.

ಎಕ್ಟೋಪಿಕ್‌ಗೆ ವಿನಾಯಿತಿ ಕೊಟ್ಟಿರೋದು ಸರಿ, ನಾಳ ಒಡೆದ್ರೆ ಗಂಟೆಗಳ ಲೆಕ್ಕ. ಆದ್ರೆ ಗರ್ಭಕೋಶದ ಒಳಗೇ ಗರ್ಭ ಹೋಗಿ ರಕ್ತ ಹರಿದ್ರೆ ಅದು ಹೇಗೆ ಬೇರೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೇ ಹೋಗ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗೋದ್ರಲ್ಲಿ ಸುಮಾರು ಅರ್ಧಕ್ಕೆ ಕ್ರೋಮೊಸೋಮ್ ದೋಷವೇ ಕಾರಣ. ಯಾರೂ ಏನೂ ಮಾಡಿರಲ್ಲ. ಅಪಘಾತ ಅನ್ನೋ ಪದ ಇದಕ್ಕಿಂತ ಚೆನ್ನಾಗಿ ಎಲ್ಲಿ ಹೊಂದುತ್ತೆ ಹೇಳಿ?

ಇನ್ನೊಂದು ವಿಷಯ. ‘ಡಾಕ್ಟ್ರೇ, ಬಾತ್‌ರೂಮಲ್ಲಿ ಬಿದ್ದಳು ಅಂತ ಬರೆದುಕೊಡಿ’ ಅಂತ ಕೇಳೋ ಮನೆಯವರು ಇದ್ದಾರೆ. ನಾನು ಬರೆಯಲ್ಲ. ಬರೆಯಲ್ಲ ಅಂದಾಗ ಅವರ ಮುಖ ನೋಡೋಕೆ ಆಗಲ್ಲ.

ಲೆಕ್ಕಿಗ

ಒಬ್ಬರಾದ್ರೂ ಇನ್ನೊಂದು ಕಡೆ ಮಾತಾಡಬೇಕಲ್ಲ, ನಾನೇ ಮಾತಾಡ್ತೀನಿ. ಬೈಯೋರು ಪೂರ್ತಿ ಓದಿ ಬೈಯಿರಿ.

ವಿಮೆ ಅನ್ನೋದು ಬರುತ್ತೋ ಇಲ್ವೋ ಗೊತ್ತಿಲ್ಲದ ಕಷ್ಟಕ್ಕೆ. ಹೆರಿಗೆ ಬೇಕು ಅಂತ ಮಾಡ್ಕೊಳ್ಳೋದು, ಒಂಬತ್ತು ತಿಂಗಳು ಮುಂಚೆ ತಾರೀಖು ಸಮೇತ ಗೊತ್ತಿರುತ್ತೆ. ಐಚ್ಛಿಕ ಮಾಡಿದ್ರೆ ಮಗು ಬೇಕು ಅನ್ನೋರು ಮಾತ್ರ ತಗೋತಾರೆ, ಬೆಲೆ ಏರುತ್ತೆ, ಉಳಿದವರು ಓಡ್ತಾರೆ. ಕಡ್ಡಾಯ ಮಾಡಿದ್ರೆ ನನ್ನಂಥ ಐವತ್ತೆಂಟರ ಬ್ರಹ್ಮಚಾರಿಯೂ ಕಟ್ಟಬೇಕು. ಪ್ರೀಮಿಯಂ ಈಗಲೇ ಕುತ್ತಿಗೆಗೆ ಬಂದಿದೆ. ಇನ್ನೂ ಏರಿದ್ರೆ ಪಾಲಿಸಿ ಬಿಡೋರು ಯಾರು? ಬಡವರೇ.

ಜವಾರಿ ಮಾತು

ಅಲ್ರೀ ಲೆಕ್ಕಿಗರ, ನಿಮ್ಮ ಪ್ರಾಸ್ಟೇಟ್ ಖರ್ಚಿಗೆ ನಾ ಇಪ್ಪತ್ತು ವರ್ಷದಿಂದ ಪ್ರೀಮಿಯಂ ಕಟ್ಟಾಕ ಹತ್ತೇನಿ. ನನಗ ಪ್ರಾಸ್ಟೇಟ್ ಐತೇನು? ಒಂದ್ ದಿನಾನೂ ಕೇಳಿಲ್ಲ ನಾ.

ತಾರೀಖು ಗೊತ್ತಿರೋದರ ಮಾತು ಬ್ಯಾಡ್ರಿ. ಕಣ್ಣಿನ ಪೊರಿ ಆಪರೇಷನ್ ಯಾವಾಗ ಮಾಡಸೋದು? ಮೊಮ್ಮಕ್ಕಳ ಪರೀಕ್ಷಾ ಮುಗದ ಮ್ಯಾಲೆ, ಚೊಲೊ ದಿನಾ ನೋಡಿ. ಮೊಣಕಾಲ ಬದಲಿ? ಅದೂ ಹಂಗ. ಅವಕ್ಕ ಎರಡ ವರ್ಷ ಕಾಯಸಿ ಕೊಡತಾರ. ಹೆರಗಿ ಅಂದ ಕೂಡ್ಲೆ ‘ಬೇಕಂತ ಮಾಡ್ಕೊಂಡದ್ದು’ ಆತು!

ಮತ್ತ ಆ 17ರ ಒಳಗ ಆಪರೇಷನ್ ಸೈತ ಹೊರಗ ಇಟ್ಟಾರ ಅಂದ್ರಲ್ಲ. ಅದನ್ನ ಯಾರು ಮಾಡಸ್ಕೊಳ್ಳತಾರ ಈ ದೇಶದಾಗ? 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ತಗದ ನೋಡ್ರಿ. ಹೆಣ್ಮಕ್ಕಳ ಆಪರೇಷನ್ 37.9 ಪರ್ಸೆಂಟ್, ಗಂಡಸರದು 0.3. ಸೊನ್ನೆ ಬಿಂದು ಮೂರು! ಹೊಟ್ಟಿ ಕೊಯ್ಸ್ಕೊಳ್ಳಾಕ ನಾವು, ಬಿಲ್ ಕಟ್ಟಾಕೂ ನಾವು. ಸರಕಾರಿ ದವಾಖಾನ್ಯಾಗ ಪುಕ್ಕಟ ಐತಿ ಅಂತೀರಿ, ಐತಿ, ನಾನೂ ಅಲ್ಲೇ ಮಾಡಿಸ್ಕೊಂಡಾಕಿ. ಆದ್ರ ಪಾಲಿಸಿ ತಗೊಂಡಾಕಿ ಪಾಲಿಸಿ ಕೇಳತಾಳ, ದವಾಖಾನಿ ಹಾದಿ ಅಲ್ಲ.

ಲೆಕ್ಕಿಗ

ಪ್ರಾಸ್ಟೇಟ್ ಪಾಯಿಂಟ್ ಕೊಟ್ಟೆ ಅಕ್ಕಾ. ಕಣ್ಣಿನ ಪೊರೆಯದ್ದನ್ನೂ ಕೊಟ್ಟೆ. ಆದ್ರೂ ಲೆಕ್ಕ ಮುಗಿದಿಲ್ಲ, ರಾತ್ರಿ ಬರ್ತೀನಿ.

ಕಲಂ ಉಪಕಲಂ

ಕಾನೂನಿಗೆ ಏನು ಅಡ್ಡಿ ಎಂದು ಮೊದಲ ಪ್ರಶ್ನೆ ಇತ್ತು. ಅಡ್ಡಿ ಇಲ್ಲ, ಇಂಥದ್ದನ್ನು ಈ ದೇಶ ಒಮ್ಮೆ ಮಾಡಿ ಆಗಿದೆ. ಮಾನಸಿಕ ಕಾಯಿಲೆಗಳನ್ನೂ ಹಿಂದೆ ಪಾಲಿಸಿಗಳಿಂದ ಹೊರಗಿಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮಿನ 4ನೇ ಉಪಕಲಮು, ದೈಹಿಕ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಅದೇ ಆಧಾರದಲ್ಲಿ ಮಾನಸಿಕ ಕಾಯಿಲೆಗೂ ಕೊಡಬೇಕು ಎಂದಿತು. 2018ರಲ್ಲಿ ಕಾಯ್ದೆ ಜಾರಿಗೆ ಬಂತು, ಅದೇ ವರ್ಷ ಪ್ರಾಧಿಕಾರ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಇಷ್ಟಕ್ಕೆ ಬೇಕಾದದ್ದು ಒಂದು ವಾಕ್ಯ.

ಇನ್ನೊಂದು ವಿಚಿತ್ರ ನೋಡಿ. 2021ರ ಬಾಡಿಗೆ ತಾಯ್ತನ ಕಾಯ್ದೆಯ ಪ್ರಕಾರ, ಇನ್ನೊಬ್ಬರ ಮಗುವನ್ನು ಹೊರುವ ಹೆಣ್ಣಿಗೆ 36 ತಿಂಗಳ ವಿಮೆ ಮಾಡಿಸಲೇಬೇಕು. ಅದೇ ವರ್ಷದ ಎಆರ್‌ಟಿ (ಐವಿಎಫ್‌ನಂಥ ಸಂತಾನ ಚಿಕಿತ್ಸೆಗಳ) ಕಾಯ್ದೆಯ ಪ್ರಕಾರ, ಅಂಡಾಣು ಕೊಡುವವಳಿಗೆ 12 ತಿಂಗಳ ವಿಮೆ ಕಡ್ಡಾಯ. ಬಸಿರಿನಲ್ಲಿ ಅಪಾಯ ಇದೆ, ಅದಕ್ಕೆ ವಿಮೆ ಬೇಕು ಎಂದು ಸಂಸತ್ತೇ ಒಪ್ಪಿಕೊಂಡ ಹಾಗಾಯಿತಲ್ಲ? ತನ್ನ ಮಗುವನ್ನು ತಾನೇ ಹೊತ್ತರೆ ಮಾತ್ರ 18ನೇ ಕೋಡ್.

ನೀಲಿ ಅವರಿಗೆ ಒಂದು ಮಾತು. ನೀವು ಕೆಲಸದಲ್ಲಿದ್ದರೆ 2020ರ ಸಾಮಾಜಿಕ ಭದ್ರತಾ ಸಂಹಿತೆಯ 65ನೇ ಕಲಮಿನಲ್ಲಿ (2025ರ ನವೆಂಬರ್‌ವರೆಗೆ ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಮಿನಲ್ಲಿತ್ತು), ಗರ್ಭಪಾತವಾದ ಮರುದಿನದಿಂದ ಆರು ವಾರ ಸಂಬಳ ಸಹಿತ ರಜೆ ಇದೆ. ವೈದ್ಯಕೀಯ ಗರ್ಭಪಾತಕ್ಕೂ ಇದೆ. ಕೇಳಿ ತೆಗೆದುಕೊಳ್ಳಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ನೀಲಿ ನೋಟ್‌ಬುಕ್

ನನಗೂ ಗೊತ್ತಿರಲಿಲ್ಲ. ನಾನು ನಾಲ್ಕು ದಿನ ಸಿಕ್ ಲೀವ್ ಹಾಕಿ ಕೆಲಸಕ್ಕೆ ಹೋದೆ.

ಹೆಚ್‌ಆರ್ ಕುರ್ಚಿ

ನಾಲ್ಕು ದಿನ ಅಂದಿದ್ದು ಓದಿ ಬೇಜಾರಾಯ್ತು. ನಾನು ಈ ಕುರ್ಚಿಯಲ್ಲಿ ಕೂತವಳು, ನಮ್ಮಲ್ಲೂ ಎಷ್ಟು ಜನ ಹಾಗೇ ನಾಲ್ಕು ದಿನಕ್ಕೆ ವಾಪಸ್ ಬಂದಿದ್ದಾರೋ.

ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಮೆಟರ್ನಿಟಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಇರುತ್ತೆ, ಕಾಯೋದು ಇಲ್ಲ. ಹೆಚ್ಚಿನವದರಲ್ಲಿ ಎರಡು ಹೆರಿಗೆವರೆಗೆ. ಅಂದ್ರೆ ಬಸಿರಿಗೆ ವಿಮೆ ಮಾಡೋಕೆ ಆಗೋದೇ ಇಲ್ಲ ಅನ್ನೋದು ಸುಳ್ಳು. ಸಾವಿರ ಜನರನ್ನ ಒಟ್ಟಿಗೆ ಹಾಕಿದ್ರೆ ಆಗುತ್ತೆ. ಅವರಲ್ಲಿ ಬ್ರಹ್ಮಚಾರಿಗಳೂ ಇರ್ತಾರೆ, ನಿವೃತ್ತಿಗೆ ಹತ್ತಿರ ಇರೋರೂ ಇರ್ತಾರೆ, ಯಾರೂ ಜಗಳ ಮಾಡಲ್ಲ. ಲೆಕ್ಕಿಗರು ಹೇಳಿದ ‘ಬೇಕಾದವರು ಮಾತ್ರ ತಗೋತಾರೆ’ ಅನ್ನೋ ಕಾಯಿಲೆಗೆ ಮದ್ದೇ ಕಡ್ಡಾಯ, ಅವರು ಅದನ್ನ ಇನ್ನೊಂದು ಕಾಯಿಲೆ ಅನ್ಕೊಂಡಿದ್ದಾರೆ.

ಆದ್ರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತೆ. ಏಳು ತಿಂಗಳ ಬಸುರಿ ರಾಜೀನಾಮೆ ಪತ್ರ ಕೊಡೋಕೆ ಬಂದು, ‘ಮೇಡಂ, ಹೆರಿಗೆವರೆಗೆ ಹೇಗಾದ್ರೂ ಹೆಸರು ಇಟ್ಕೊಳ್ಳಿ’ ಅಂತ ಎದುರಿಗೆ ಕೂತಿದ್ದನ್ನ ನೋಡಿದೀನಿ. ಮಾಡೋಕೆ ಆಗಲಿಲ್ಲ. ಆಗ ನಾನಿದ್ದ ಕಡೆ, ಮುಂದಿನ ವರ್ಷ ಗ್ರೂಪ್ ಪ್ರೀಮಿಯಂ ಏರಿದಾಗ ಮೀಟಿಂಗಲ್ಲಿ ಒಬ್ಬರು ‘ಈ ಸಲ ಮದುವೆ ಆದವರನ್ನ ಕಮ್ಮಿ ತಗೊಳ್ಳೋಣ’ ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತೆ.

ಲೆಕ್ಕಿಗ

ಸರಿಯಾಗಿ ನಾನು ಹೇಳಬೇಕು ಅಂತಿದ್ದ ಜಾಗಕ್ಕೇ ಬಂದ್ರಿ ಹೆಚ್‌ಆರ್ ಮೇಡಂ.

1970ರ ದಶಕದ ನಡುವೆ ಅಮೆರಿಕದ ಕೆಲವು ರಾಜ್ಯಗಳು ಉದ್ಯೋಗಿಗಳ ವಿಮೆಯಲ್ಲಿ ಬಸಿರನ್ನ ಬೇರೆ ಕಾಯಿಲೆಗಳ ಸಮ ಮಾಡಬೇಕು ಅಂತ ಕಾನೂನು ತಂದವು. ಜೊನಾಥನ್ ಗ್ರೂಬರ್ ಅನ್ನೋ ಅರ್ಥಶಾಸ್ತ್ರಜ್ಞ 1994ರಲ್ಲಿ ಅದರ ಲೆಕ್ಕ ಹಾಕಿ ತೋರಿಸಿದರು. ಖರ್ಚನ್ನ ಮಾಲೀಕ ಹೊರಲಿಲ್ಲ. ಯಾರಿಗೆ ಸೌಲಭ್ಯ ಸಿಗಬಹುದಿತ್ತೋ, ಅಂದ್ರೆ ಹೆರುವ ವಯಸ್ಸಿನ ಮದುವೆಯಾದ ಹೆಂಗಸರು, ಅವರ ಸಂಬಳವೇ ಹೆಚ್ಚುಕಡಿಮೆ ಅಷ್ಟರ ಮಟ್ಟಿಗೆ ತಗ್ಗಿತ್ತು. ಕೆಲಸ ಹೋಗಲಿಲ್ಲ, ಸಂಬಳ ಹೋಯ್ತು.

ಅದಕ್ಕೇ ಹೇಳಿದ್ದು, ‘ಕಡ್ಡಾಯ’ ಅಂತ ಬರೆದ ಮಾತ್ರಕ್ಕೆ ದುಡ್ಡು ಆಕಾಶದಿಂದ ಬೀಳಲ್ಲ. ಹೆಂಗಸರಿಗೆ ಅಂತ ಕೊಟ್ಟಿದ್ದನ್ನ ಹೆಂಗಸರಿಂದಲೇ ವಸೂಲು ಮಾಡೋ ದಾರಿ ಮಾರುಕಟ್ಟೆಗೆ ಚೆನ್ನಾಗಿ ಗೊತ್ತಿದೆ.

ಕಲಂ ಉಪಕಲಂ

ಒಳ್ಳೆಯ ಉದಾಹರಣೆ. ಆದರೆ ಅದು ಕಡ್ಡಾಯ ಮಾಡಬಾರದು ಎನ್ನುವುದಕ್ಕಿಂತ, ಹೊರೆಯನ್ನು ಎಲ್ಲಿ ಹಂಚಬೇಕು ಎನ್ನುವುದನ್ನು ತೋರಿಸುತ್ತದೆ. ಯುರೋಪಿನ ನ್ಯಾಯಾಲಯ 2011ರ ಮಾರ್ಚ್‌ನಲ್ಲಿ, ವಿಮೆಯ ಪ್ರೀಮಿಯಂ ನಿಗದಿ ಮಾಡುವಾಗ ಗಂಡು ಹೆಣ್ಣು ಎಂದು ಬೇರೆ ದರ ಹಾಕುವಂತಿಲ್ಲ ಎಂದಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಿಗೆ ಅದು ಅನ್ವಯ. ಸೇರಿಸುವುದು ಒಂದು ನಿಯಮ, ಸೇರಿಸಿದ್ದಕ್ಕೆ ಅವಳೊಬ್ಬಳಿಂದಲೇ ಕೀಳಬಾರದು ಎನ್ನುವುದು ಇನ್ನೊಂದು ನಿಯಮ. ಎರಡೂ ಜೊತೆಗೆ ಬರಬೇಕು.

ಅಮೆರಿಕದ ಇತಿಹಾಸವೇ ಇದಕ್ಕೆ ಪಾಠ. 1976ರಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಕರಣದಲ್ಲಿ, ಕಾಯಿಲೆ ಮತ್ತು ಅಪಘಾತಕ್ಕೆ ಭತ್ಯೆ ಕೊಡುವ ಯೋಜನೆಯಿಂದ ಬಸಿರನ್ನು ಬಿಟ್ಟರೆ ಅದು ಲಿಂಗ ತಾರತಮ್ಯವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದೇ ಯೋಜನೆ ಗಂಡಸರ ಸಂತಾನಹರಣ ಆಪರೇಷನ್ನಾದ ವಾಸೆಕ್ಟಮಿಯನ್ನು ಹೊರಗಿಟ್ಟಿರಲಿಲ್ಲ, ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಅದನ್ನು ಎತ್ತಿ ತೋರಿಸಿದ್ದರು. ಎರಡೇ ವರ್ಷದಲ್ಲಿ, 1978ರಲ್ಲಿ, ಅಲ್ಲಿನ ಕಾಂಗ್ರೆಸ್ ಹೊಸ ಕಾಯ್ದೆ ತಂದು ಆ ತೀರ್ಪನ್ನು ಅಳಿಸಿಹಾಕಿತು. ಆದರೂ ವ್ಯಕ್ತಿಗಳು ತಾವೇ ಕೊಳ್ಳುವ ಪಾಲಿಸಿಗಳಲ್ಲಿ ಹೆರಿಗೆ ಬಹುತೇಕ ಹೊರಗೇ ಉಳಿಯಿತು. 2010ರ ಅಫೋರ್ಡಬಲ್ ಕೇರ್ ಕಾಯ್ದೆ ಹತ್ತು ಅಗತ್ಯ ಸೇವೆಗಳ ಪಟ್ಟಿಯಲ್ಲಿ ಹೆರಿಗೆ ಮತ್ತು ನವಜಾತ ಶಿಶು ಆರೈಕೆಯನ್ನು ಸೇರಿಸಿದ ಮೇಲೆ, 2014ರಿಂದ ಅದು ಒಳಗೆ ಬಂತು.

ಇಲ್ಲಿ ಸಹಿ ಹಾಕಿ

ಅಲ್ಲಿ ಗರ್ಭನಿರೋಧಕದ್ದೂ ದೊಡ್ಡ ಗಲಾಟೆ ಆಯ್ತಲ್ಲ ಸಾರ್?

ಕಲಂ ಉಪಕಲಂ

ಆಯಿತು. 2012ರ ಆಗಸ್ಟ್‌ನಿಂದ, ಕೈಯಿಂದ ಏನೂ ಕಟ್ಟಿಸಿಕೊಳ್ಳದೆ ಗರ್ಭನಿರೋಧಕ ಕೊಡಬೇಕು ಎಂದಾಯಿತು. ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಮಾಲೀಕರು, ಅದರಲ್ಲಿ ಕೆಲವು ವಿಧಾನಗಳು ನಮ್ಮ ಧರ್ಮಕ್ಕೆ ವಿರುದ್ಧ ಎಂದು ಕೋರ್ಟಿಗೆ ಹೋದರು, 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5–4 ಬಹುಮತದಿಂದ ಗೆದ್ದರು. ವಿಮೆ ಕೆಲಸದ ಜೊತೆ ಗಂಟು ಬಿದ್ದಿದ್ದರೆ ಇದೇ ತೊಂದರೆ. ಮಾಲೀಕನ ನಂಬಿಕೆ ನೌಕರಳ ಔಷಧಿ ಡಬ್ಬಿಗೆ ಕೈ ಹಾಕುತ್ತದೆ.

ಖರ್ಚಿನ ಬಗ್ಗೆಯೂ ಒಂದು ಮಾತು. ಅದಕ್ಕೂ ಮುಂಚೆ, 1999ರಿಂದ, ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ವಿಮೆಯಲ್ಲಿ ಗರ್ಭನಿರೋಧಕ ಸೇರಿತ್ತು. ಅದರಿಂದಾಗಿ ಪ್ರೀಮಿಯಂ ಏರಿಸುವ ಅಗತ್ಯ ಬರಲಿಲ್ಲ ಎಂದು ಆ ಯೋಜನೆ ನೋಡಿಕೊಳ್ಳುವ ಕಚೇರಿಯೇ ಹೇಳಿತು. ಬೇಡದ ಒಂದು ಬಸಿರಿಗಿಂತ ಹಲವು ವರ್ಷದ ಮಾತ್ರೆ ಅಗ್ಗ, ಇದಕ್ಕೆ ಗ್ರೂಬರ್ ಬೇಕಾಗಿಲ್ಲ.

ಒಂಟಿ ಸಾಲು

ಇಲ್ಲಿವರೆಗೆ ಎಲ್ಲರೂ ಗಂಡ ಇರೋರ ಬಗ್ಗೆನೇ ಮಾತಾಡಿದ್ರಿ. ನನಗೆ ಇಪ್ಪತ್ತಾರು, ಮದುವೆ ಆಗಿಲ್ಲ.

18ನೇ ಕೋಡಲ್ಲಿ ಒಂದು ಪದ ಇದೆ ಅಂದ್ರಲ್ಲ, ‘ಕಾನೂನುಬದ್ಧ’ ಗರ್ಭಪಾತ ಅಂತ. ಕಾನೂನು ವಿರುದ್ಧ ಆಗಿದ್ರೆ ಕೊಡಲ್ಲ ಅಂತಲ್ಲ, ಕಾನೂನು ಪ್ರಕಾರ ಆಗಿದ್ರೂ ಕೊಡಲ್ಲ ಅಂತ. 1971ರ ಎಂಟಿಪಿ, ಅಂದ್ರೆ ವೈದ್ಯಕೀಯವಾಗಿ ಗರ್ಭ ತೆಗೆಸೋದರ ಕಾಯ್ದೆಯನ್ನ 2021ರಲ್ಲಿ ತಿದ್ದಿದಾಗ ‘ಗಂಡ’ ಅನ್ನೋ ಪದ ತೆಗೆದು ‘ಸಂಗಾತಿ’ ಅಂತ ಹಾಕಿದ್ರು. 2022ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್, ಮದುವೆ ಆಗಿಲ್ಲ ಅಂತ 20ರಿಂದ 24 ವಾರದ ನಡುವೆ ಗರ್ಭ ತೆಗೆಸೋ ಹಕ್ಕನ್ನ ತಪ್ಪಿಸೋ ಹಾಗಿಲ್ಲ ಅಂತು. ಕೋರ್ಟ್ ಅಲ್ಲಿವರೆಗೆ ಬಂದಿದೆ. ಪಾಲಿಸಿ ಇನ್ನೂ ಬಾಗಿಲಲ್ಲೇ ನಿಂತಿದೆ.

ಆದ್ರೆ ನನ್ನ ನಿಜವಾದ ಭಯ ಬೇರೆ. ನಾಳೆ ಕಡ್ಡಾಯ ಮಾಡಿದ್ರು ಅನ್ಕೊಳ್ಳಿ. ನಾನಿರೋದು ಅಪ್ಪನ ಫ್ಯಾಮಿಲಿ ಫ್ಲೋಟರಲ್ಲಿ, ಅಂದ್ರೆ ಇಡೀ ಮನೆಗೆ ಒಂದೇ ಪಾಲಿಸಿ. ಹೋದ ವರ್ಷ ಡೆಂಗಿ ಆಗಿ ಅಡ್ಮಿಟ್ ಆದಾಗ, ನನ್ನ ಪ್ಲೇಟ್‌ಲೆಟ್ ಎಷ್ಟು ಅಂತ ನನಗಿಂತ ಮುಂಚೆ ಅಪ್ಪನ ಮೊಬೈಲಿಗೆ ಮೆಸೇಜ್ ಹೋಗಿತ್ತು. ಕ್ಲೈಮ್ ಹಾಕಿದ ಕೂಡಲೇ ಚಿಕಿತ್ಸೆ ಹೆಸರು, ಆಸ್ಪತ್ರೆ ಹೆಸರು ಎಲ್ಲಾ ಪಾಲಿಸಿದಾರರಿಗೆ. ಇದಕ್ಕೊಂದು ದಾರಿ ಮಾಡದೆ ಸೇರಿಸಿದ್ರೆ ನನ್ನಂಥವರು ಆಗಲೂ ಕೈಯಿಂದಲೇ ಕಟ್ತೀವಿ. ಗುಟ್ಟಿಗೆ ಕಟ್ಟೋ ದರ ಅದು.

ಹೆರಿಗೆ ವಾರ್ಡ್

ಒಂಟಿ, ತುಂಬಾ ಸರಿಯಾದ ಮಾತು. ಇದಕ್ಕೆ ಇನ್ನೊಂದು ಸೇರಿಸ್ತೀನಿ. ಮೊದಲ ವಾರಗಳಲ್ಲಾದ್ರೆ ಮಾತ್ರೆಯಲ್ಲೇ ಆಗುತ್ತೆ, ಅಡ್ಮಿಟ್ ಬೇಕಿಲ್ಲ. ನಮ್ಮ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದ್ರೆ ಮಾತ್ರ ಕೊಡೋದು, ಓಪಿಡಿ ಖರ್ಚು ಲೆಕ್ಕಕ್ಕಿಲ್ಲ. ಕಾಪರ್ ಟಿ ಹಾಕೋಕೆ ಹದಿನೈದು ನಿಮಿಷ. ಬಸಿರಿನ ತಪಾಸಣೆಗಳು, ಸ್ಕ್ಯಾನ್‌ಗಳು, ಐವಿಎಫ್ ಇಂಜೆಕ್ಷನ್‌ಗಳು ಎಲ್ಲಾ ಹೊರರೋಗಿ ಕೆಲಸವೇ. ನಾಳೆ 17, 18ನ್ನು ಹರಿದು ಹಾಕಿದ್ರೂ ಈ ಖರ್ಚಲ್ಲಿ ಬಹುಪಾಲು ಹೊರಗೇ ಉಳಿಯುತ್ತೆ. ಅಡ್ಮಿಟ್ ಆದ್ರೆ ಮಾತ್ರ ಅನ್ನೋ ಚೌಕಟ್ಟೇ ಹೆಂಗಸರ ದೇಹಕ್ಕೆ ಅಳತೆ ಮಾಡಿದ್ದಲ್ಲ.

ಐವಿಎಫ್ ಬಗ್ಗೆ ಯಾರೂ ಎತ್ತಲಿಲ್ಲ, ನಾನೇ ಎತ್ತುತೀನಿ. ಕೈಯಿಂದ ಕಟ್ಟೋ ದಂಪತಿಗೆ ಬಹಳ ಸಲ ಇದೊಂದೇ ಸಲ. ಸಾಲ ಮಾಡಿ ಬಂದಿರ್ತಾರೆ. ‘ಡಾಕ್ಟ್ರೇ, ಎರಡು ಮೂರು ಭ್ರೂಣ ಒಟ್ಟಿಗೇ ಹಾಕಿಬಿಡಿ’ ಅಂತಾರೆ, ಅವರ ಜಾಗದಲ್ಲಿದ್ರೆ ನಾನೂ ಅದನ್ನೇ ಕೇಳ್ತಿದ್ದೆ. ಆಮೇಲೆ ಅವಳಿ, ತ್ರಿವಳಿ, ಏಳು ತಿಂಗಳಿಗೇ ಹೆರಿಗೆ, ವಾರಗಟ್ಟಲೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ವಿಮೆ ಪೂರ್ತಿ ಕೊಡೋ ಕಡೆ ಈ ಒತ್ತಡ ಇರಲ್ಲ. 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಐವಿಎಫ್‌ಗೆ ವಿಮೆ ಕಡ್ಡಾಯ ಮಾಡಿದ ಅಮೆರಿಕದ ರಾಜ್ಯಗಳಲ್ಲಿ ಒಂದು ಸಲಕ್ಕೆ ಹಾಕೋ ಭ್ರೂಣಗಳ ಸಂಖ್ಯೆ ಕಮ್ಮಿ, ಮೂರು ಅಥವಾ ಹೆಚ್ಚು ಭ್ರೂಣದ ಬಸಿರೂ ಕಮ್ಮಿ ಇತ್ತು. ಬೆಲ್ಜಿಯಂ ಇನ್ನೂ ಜಾಣ. 2003ರಿಂದ ಆರು ಸಲದವರೆಗೆ ಪ್ರಯೋಗಾಲಯದ ಖರ್ಚು ನಾವು ಕೊಡ್ತೀವಿ, ಬದಲಿಗೆ ಭ್ರೂಣದ ಸಂಖ್ಯೆಗೆ ಮಿತಿ, ಚಿಕ್ಕ ವಯಸ್ಸಿನವರಿಗೆ ಮೊದಲ ಸಲ ಒಂದೇ ಅಂತ ಕರಾರು ಹಾಕಿತು. ಅವಳಿ ಹುಟ್ಟೋದು ಗಣನೀಯವಾಗಿ ಇಳೀತು.

ಚೆರ್ರಿ ಮರ

ಜಪಾನಿಂದ ಬರೀತಿದೀನಿ. ಇಲ್ಲಿಯ ತಮಾಷೆ ಕೇಳಿ. 2022ರ ಏಪ್ರಿಲ್‌ನಿಂದ ಐವಿಎಫ್ ಸಾರ್ವಜನಿಕ ವಿಮೆಯೊಳಗೆ ಬಂತು. ಶುರು ಮಾಡುವಾಗ ನಲವತ್ತು ತುಂಬಿರದಿದ್ರೆ ಒಂದು ಮಗುವಿಗೆ ಆರು ಸಲ ಭ್ರೂಣ ಹಾಕಿಸಬಹುದು, ನಲವತ್ತರಿಂದ ನಲವತ್ತೆರಡರವರಿಗೆ ಮೂರು ಸಲ, ನಲವತ್ಮೂರಕ್ಕೆ ಬಾಗಿಲು ಬಂದ್. ಸರಿ, ಬಸಿರಾಯ್ತು. ಹೆರಿಗೆ ಸಹಜವಾಗಿ ಆದ್ರೆ ವಿಮೆ ಇಲ್ಲ! ಅದು ಕಾಯಿಲೆ ಅಲ್ವಂತೆ. ಸಿಸೇರಿಯನ್ ಆದ್ರೆ ವಿಮೆ ಇದೆ. ಸಹಜ ಹೆರಿಗೆಗೆ ಒಂದು ಗಂಟು ಭತ್ಯೆ ಕೊಡ್ತಾರೆ, 2023ರ ಏಪ್ರಿಲ್‌ನಿಂದ ಐದು ಲಕ್ಷ ಯೆನ್, ಅದಕ್ಕೂ ಮುಂಚೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ನನ್ನ ಹೆಂಡತಿ ಆಸ್ಪತ್ರೆ ಬಿಲ್ ಹಿಡ್ಕೊಂಡು ‘ನನಗೆ ಕಾಯಿಲೆ ಇದ್ದಿದ್ರೆ ಚೆನ್ನಾಗಿತ್ತು’ ಅಂದಿದ್ದಳು.

ಲೆಕ್ಕಿಗ

ಚೆರ್ರಿ ಮರ, ನಿಮ್ಮ ಹೆಂಡತಿ ಇಲ್ಲಿ ಬಂದು ಬರೀಬೇಕಿತ್ತು. ‘ಕಾಯಿಲೆ ಅಲ್ಲ’ ಅನ್ನೋ ಒಂದು ಮಾತು ಎಲ್ಲೆಲ್ಲಿ ಹೋಗಿ ಕೂತಿದೆ ನೋಡಿ. ನಾನೂ ನಿನ್ನೆ ಅದನ್ನೇ ಬೇರೆ ಪದದಲ್ಲಿ ಹೇಳಿದ್ದು, ಒಪ್ಕೋತೀನಿ.

ಈಗ ನನ್ನ ನಿಲುವು ಎಲ್ಲಿಗೆ ಬಂದಿದೆ ಅಂದ್ರೆ: ಗರ್ಭಪಾತ, ತೊಡಕಿನ ಬಸಿರು, ಹೆರಿಗೆಯಲ್ಲಿ ಬಂದ ಆಪತ್ತು, ಇವು ಇವತ್ತೇ ಒಳಗೆ ಬರಬೇಕು. ಇದರಲ್ಲಿ ‘ಬೇಕು ಅಂತ ಮಾಡ್ಕೊಂಡದ್ದು’ ಏನೂ ಇಲ್ಲ, ಅನಿಶ್ಚಿತ ಕಷ್ಟ ಅನ್ನೋದಕ್ಕೆ ನೂರಕ್ಕೆ ನೂರು ಹೊಂದುತ್ತೆ. ಎಂಟಿಪಿನೂ ಸೇರಲಿ.

ಎಲ್ಲಾ ಹೆರಿಗೆ ಅಂದಾಗ ಮಾತ್ರ ಹೆದರ್ತೀನಿ. ಜವಾರಿ ಅಕ್ಕ ಹೇಳಿದ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ 47.4 ಪರ್ಸೆಂಟ್ ಸಿಸೇರಿಯನ್, ಸರ್ಕಾರಿಯಲ್ಲಿ 14.3. ಬಿಲ್ ಕಟ್ಟೋರು ಎದುರಿಗೆ ಇರುವಾಗಲೇ ಹೀಗೆ. ವಿಮೆ ಕಂಪನಿ ಕಟ್ಟುತ್ತೆ ಅಂತಾದ್ರೆ?

ಹೆರಿಗೆ ವಾರ್ಡ್

ಈ ಅಂಕಿಗೆ ನನ್ನ ಹತ್ತಿರ ಸಮರ್ಥನೆ ಇಲ್ಲ. ತೊಡಕಿನ ಕೇಸುಗಳು ಖಾಸಗಿಗೆ ಬರ್ತವೆ ಅನ್ನೋದು ಸ್ವಲ್ಪ ಮಟ್ಟಿಗೆ ನಿಜ, ಆದ್ರೆ ಮೂರು ಪಟ್ಟು ಅಂತರಕ್ಕೆ ಅದು ಸಾಲಲ್ಲ. ಸಹಜ ಹೆರಿಗೆಗೆ ರಾತ್ರಿಯಿಡೀ ಕೂರಬೇಕು, ಸಿಸೇರಿಯನ್‌ಗೆ ಮುಕ್ಕಾಲು ಗಂಟೆ. ದರವೂ ಅದಕ್ಕೇ ಜಾಸ್ತಿ. ಎರಡಕ್ಕೂ ಒಂದೇ ಪ್ಯಾಕೇಜ್ ದರ ಇಟ್ಟು ನೋಡಿ, ವಾರ್ಡಲ್ಲಿ ನಮ್ಮ ತಾಳ್ಮೆ ತಾನಾಗೇ ಜಾಸ್ತಿ ಆಗುತ್ತೆ. ಒಬ್ಬೊಬ್ಬ ದಂಪತಿಗೆ ಈ ಚೌಕಾಸಿ ಮಾಡೋಕೆ ಆಗಲ್ಲ. ಲಕ್ಷಾಂತರ ಹೆರಿಗೆಗೆ ದುಡ್ಡು ಕೊಡೋ ವಿಮೆಗೆ ಆಗುತ್ತೆ. ನನ್ನ ಸಹೋದ್ಯೋಗಿಗಳು ಇದನ್ನ ಓದಿದ್ರೆ ನನಗೆ ಕಾಫಿ ಕೊಡಲ್ಲ.

ಜವಾರಿ ಮಾತು

ಕಾಫಿ ನಾ ಕೊಡತೇನಿ ಬರ್ರಿ ಡಾಕ್ಟರ.

ನಿರ್ವಾಹಕ

ಗರ್ಭಪಾತ ಪಾಪವೋ ಅಲ್ಲವೋ ಅನ್ನೋ ಮೂರು ಪ್ರತಿಕ್ರಿಯೆ ತೆಗೆದಿದೀನಿ. ಅದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ವಿಮೆ ಮಾತ್ರ.

ನೀಲಿ ನೋಟ್‌ಬುಕ್

ಇವತ್ತಿನ ಸುದ್ದಿ ಹೇಳ್ತೀನಿ. ಆಫೀಸಲ್ಲಿ ಗರ್ಭಪಾತದ ರಜೆಯ ಆ ಕಲಂ ತೋರಿಸಿದೆ. ಮೊದಲು ‘ಅದು ಹೆರಿಗೆ ಆದವರಿಗಲ್ವಾ’ ಅಂದ್ರು, ಆಮೇಲೆ ಓದಿದ್ರು. ರಜೆ ಸಿಕ್ತು, ಸಿಕ್ ಲೀವ್ ನಾಲ್ಕು ದಿನ ವಾಪಸ್ ಕೊಟ್ರು.

ಕ್ಲೈಮ್ ಮರುಪರಿಶೀಲನೆಗೆ ಹಾಕಿದ್ದೆ, ಅದೇ ನಾಲ್ಕು ಸಾಲು ವಾಪಸ್ ಬಂತು, ತಾರೀಖು ಮಾತ್ರ ಹೊಸದು. ವಿಮಾ ಲೋಕಪಾಲರ ಹತ್ತಿರ ಹೋಗಲಾ?

ಕಲಂ ಉಪಕಲಂ

ಹೋಗಬಹುದು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ, ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ಪಾಲಿಸಿಯ ಪದ ಸ್ಪಷ್ಟವಾಗಿದ್ದಾಗ ಲೋಕಪಾಲರು ಪದವನ್ನೇ ನೋಡುತ್ತಾರೆ. ರಕ್ತ ಕೊಟ್ಟದ್ದು, ತೀವ್ರ ರಕ್ತಹೀನತೆಗೆ ಚಿಕಿತ್ಸೆ ಆದದ್ದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬೇರೆಯಾಗಿ ನಮೂದಾಗಿದ್ದರೆ ಅಷ್ಟನ್ನು ಪ್ರತ್ಯೇಕವಾಗಿ ಕೇಳಿ ನೋಡಿ. ಪೂರ್ತಿ ಬರುವುದು ಕಷ್ಟ.

ನೀಲಿ ನೋಟ್‌ಬುಕ್

ಸಮ್ಮರಿಯಲ್ಲಿ ಹಿಮೋಗ್ಲೋಬಿನ್ 6.1 ಅಂತ ಇದೆ. ಅಷ್ಟನ್ನೇ ಕೇಳ್ತೀನಿ. ಜೊತೆಗೆ ಪ್ರಾಧಿಕಾರಕ್ಕೆ ಒಂದು ಪತ್ರ, ‘ಅಪಘಾತದಿಂದ ಆಗಿದ್ದನ್ನು ಬಿಟ್ಟು’ ಅನ್ನೋದನ್ನ ಯಾರು, ಯಾಕೆ ಬರೆದ್ರು ಅಂತ ಕೇಳಿ.

ಇಲ್ಲಿ ಸಹಿ ಹಾಕಿ

ಮೇಡಂ, ಈ ಚರ್ಚೆ ಓದಿದ ಮೇಲೆ ನಾನೊಂದು ಕೆಲಸ ಶುರು ಮಾಡಿದೀನಿ. ಹೊಸ ಗಿರಾಕಿ ಸಹಿ ಹಾಕೋ ಮುಂಚೆ 17, 18 ಎರಡನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದ್ತೀನಿ. ನಿನ್ನೆ ಹೊಸದಾಗಿ ಮದುವೆ ಆದ ಜೋಡಿ ಬಂದಿತ್ತು. 18 ಓದಿ ಮುಗಿಸೋ ಹೊತ್ತಿಗೆ ಆ ಹುಡುಗಿ ಪೆನ್ ಕೆಳಗಿಟ್ಟು ಎದ್ದಳು. ಗಂಡನೂ ಹಿಂದೆ ಹೋದ. ಕಮಿಷನ್ ಹೋಯ್ತು.

ಒಂಟಿ ಸಾಲು

ಎಲ್ಲಿಗೆ ಹೋದ್ರು ಅವರು?

ಇಲ್ಲಿ ಸಹಿ ಹಾಕಿ

ಎದುರುಗಡೆ ಇನ್ನೊಬ್ಬ ಏಜೆಂಟ್ ಕೂರ್ತಾನೆ, ಅಲ್ಲಿಗೆ. ಅವನ ಫಾರಂನಲ್ಲೂ 18 ಇದೆ. ಅವನು ಓದಲ್ಲ, ಅಷ್ಟೆ.